ಡಿಪ್ಲೊಮಾದಿಂದ ಎಂಜಿನಿಯರಿಂಗ್‌ಗೆ ಬಂದವರಿಗೆ: ಹೆಚ್ಚುವರಿ ಗಣಿತ, ಬ್ಯಾಕ್‌ಲಾಗ್ ಮತ್ತು ಮುಂದಿನ ವರ್ಷದ ಅರ್ಹತೆಯ ನಿಯಮಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪಾಲಿಟೆಕ್ನಿಕ್‌ಗಳಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ವಿದ್ಯಾರ್ಥಿಗಳಿಗೆ ಮೂರನೆಯ ಸೆಮಿಸ್ಟರ್‌ನಲ್ಲಿ ಸಹಪಾಠಿಗಳಿಗಿಲ್ಲದ ಒಂದು ವಿಷಯ ಇರುತ್ತದೆ. ಅದು ಹೆಚ್ಚುವರಿ ಗಣಿತ, ಎಲ್ಲರ ಬಾಯಲ್ಲಿ ಅಡಿಷನಲ್ ಮ್ಯಾಥ್ಸ್. ಅದಕ್ಕೆ ಕ್ರೆಡಿಟ್ ಇಲ್ಲ, ಅದರ ಅಂಕ ಎಸ್‌ಜಿಪಿಎಗೆ, ಅಂದರೆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಅಂಕಕ್ಕೆ, ಸೇರುವುದಿಲ್ಲ, ಅದರಲ್ಲಿ ನಪಾಸಾದರೂ ಮುಂದಿನ ವರ್ಷಕ್ಕೆ ಹೋಗಲು ಅಡ್ಡಿಯಿಲ್ಲ. ಈ ಮೂರು ಮಾತುಗಳನ್ನು ಹಿರಿಯ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ, ಮತ್ತು ಮೂರೂ ನಿಜ. ಹೇಳದೆ ಬಿಡುವ ನಾಲ್ಕನೆಯ ಮಾತೆಂದರೆ, ಅದು ಪಾಸಾಗದೆ ಪದವಿ ಸಿಗುವುದಿಲ್ಲ. ಉಳಿದೆಲ್ಲ ವಿಷಯ ಮುಗಿಸಿ, ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯೂ ಆಗಿ, ಈ ಒಂದು ವಿಷಯಕ್ಕಾಗಿ ಪದವಿ ಪ್ರಮಾಣಪತ್ರ ತಡೆಹಿಡಿದಿರುವ ಸ್ಥಿತಿ ಯಾರಿಗೂ ಬರಬಾರದು. ಅದಕ್ಕಾಗಿ ನಿಯಮಗಳನ್ನು ಯಾವ ಕ್ರಮದಲ್ಲಿ ತಿಳಿದುಕೊಳ್ಳಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಹಂತ 1: ನೀವು ಯಾವ ಸ್ಕೀಮ್‌ನಲ್ಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ

ಬೆಳಗಾವಿಯ ಜ್ಞಾನಸಂಗಮದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 1998ರಲ್ಲಿ ಆರಂಭವಾಯಿತು. 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದ ನಂತರ 2017, 2018, 2021, 2022, 2025ರಲ್ಲಿ ಪಠ್ಯಕ್ರಮದ ಸ್ಕೀಮ್ ಬದಲಾಗಿದೆ. ಪ್ರತಿ ಸ್ಕೀಮ್‌ನೊಂದಿಗೆ ಅಂಕಗಳ ಹಂಚಿಕೆ, ಕ್ರೆಡಿಟ್‌ಗಳ ಸಂಖ್ಯೆ, ಗ್ರೇಡ್‌ಗಳ ಹೆಸರು ಮತ್ತು ಮೇಲಿನ ವರ್ಷಕ್ಕೆ ಹೋಗುವ ಮಿತಿ ಇವೆಲ್ಲ ಬದಲಾಗಬಹುದು. ಆದ್ದರಿಂದ ಅಣ್ಣನೋ ಅಕ್ಕನೋ ಎರಡು ವರ್ಷದ ಹಿಂದೆ ಹೇಳಿದ ನಿಯಮ ನಿಮಗೆ ಅನ್ವಯಿಸುತ್ತದೆ ಎಂದು ತಿಳಿಯಬೇಡಿ.

ಲ್ಯಾಟರಲ್ ಎಂಟ್ರಿಯವರಿಗೆ, ಅಂದರೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರಿಗೆ, ಇಲ್ಲಿಯೇ ಮೊದಲ ಗೊಂದಲ. ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೆ ಕೊಡುವ ನೋಂದಣಿ ಸಂಖ್ಯೆಯಾದ ಯುಎಸ್‌ಎನ್‌ನ ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ. ನಮ್ಮ ಮೂರೂ ಜಿಲ್ಲೆಗಳ ಕಾಲೇಜುಗಳಿಗೆ ಅದು 2. ನಂತರ ಕಾಲೇಜಿನ ಎರಡಕ್ಷರ, ಅನಂತರ ಸೇರಿದ ವರ್ಷದ ಎರಡು ಅಂಕಿ, ಆಮೇಲೆ ಶಾಖೆ, ಕೊನೆಗೆ ಕ್ರಮಸಂಖ್ಯೆ. ಲ್ಯಾಟರಲ್ ಎಂಟ್ರಿಯವರ ಕ್ರಮಸಂಖ್ಯೆ 400ರಿಂದ ಆರಂಭವಾಗುತ್ತದೆ. 2023ರಲ್ಲಿ ಎರಡನೆಯ ವರ್ಷಕ್ಕೆ ಸೇರಿದವರ ಯುಎಸ್‌ಎನ್‌ನಲ್ಲಿ 23 ಎಂದಿರುತ್ತದೆ, ಪಕ್ಕದಲ್ಲಿ ಕುಳಿತ ಸಹಪಾಠಿಯದರಲ್ಲಿ 22 ಎಂದಿರುತ್ತದೆ, ಓದುವುದು ಮಾತ್ರ ಇಬ್ಬರೂ 2022ರ ಸ್ಕೀಮ್. ಯುಎಸ್‌ಎನ್‌ನ ವರ್ಷ ನೋಡಿ ಸ್ಕೀಮ್ ಊಹಿಸುವ ಬದಲು ನಿಮ್ಮ ತರಗತಿಯ ವಿಷಯಗಳ ಕೋಡ್ ನೋಡಿ, ಅದಕ್ಕೆ ಸಂಬಂಧಿಸಿದ ನಿಯಮಾವಳಿಯನ್ನು ವಿಭಾಗದ ಕಚೇರಿಯಿಂದ ಅಥವಾ ವಿಶ್ವವಿದ್ಯಾಲಯದ ಜಾಲತಾಣದಿಂದ ಪಡೆದು ಇಟ್ಟುಕೊಳ್ಳಿ.

ಸ್ವಾಯತ್ತ ಕಾಲೇಜುಗಳ ಮಾತು ಬೇರೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆಯಂತಹ ಸ್ವಾಯತ್ತ ಸಂಸ್ಥೆಗಳು ವಿಟಿಯುಗೆ ಸೇರಿದ್ದರೂ ತಮ್ಮದೇ ಪಠ್ಯಕ್ರಮ ಮತ್ತು ಪರೀಕ್ಷೆಗಳನ್ನು ನಡೆಸುತ್ತವೆ. ಅಲ್ಲಿ ಓದುವವರು ತಮ್ಮ ಕಾಲೇಜಿನ ನಿಯಮಾವಳಿಯನ್ನೇ ಕೊನೆಯ ಮಾತೆಂದು ಪರಿಗಣಿಸಬೇಕು.

ಹಂತ 2: ಯಾವ ಕೋರ್ಸ್‌ಗೆ ನಿಮ್ಮನ್ನು ಏಕೆ ಸೇರಿಸಿದ್ದಾರೆ ಎಂಬುದನ್ನು ಅರಿಯಿರಿ

ಹೆಚ್ಚುವರಿ ಗಣಿತಕ್ಕೆ ಯಾರನ್ನು ಸೇರಿಸಬೇಕು ಎಂಬುದನ್ನು ಪರೀಕ್ಷೆಯೊಂದನ್ನು ನಡೆಸಿ ತೀರ್ಮಾನಿಸುವುದಿಲ್ಲ. ನೀವು ಬಂದ ದಾರಿಯೇ ಅದನ್ನು ತೀರ್ಮಾನಿಸುತ್ತದೆ. ಡಿಪ್ಲೊಮಾದಿಂದ ಬಂದವರು ಮೂರನೆಯ ಸೆಮಿಸ್ಟರ್‌ನಲ್ಲಿ ಹೆಚ್ಚುವರಿ ಗಣಿತದ ಮೊದಲ ಭಾಗವನ್ನೂ ನಾಲ್ಕನೆಯದರಲ್ಲಿ ಎರಡನೆಯ ಭಾಗವನ್ನೂ ಓದಬೇಕು. ಡಿಸಿಇಟಿಯಲ್ಲಿ ಉತ್ತಮ ರ‍್ಯಾಂಕ್ ಬಂದವರಿಗೂ ವಿನಾಯಿತಿ ಇಲ್ಲ. ಇದನ್ನು ಅವಮಾನವೆಂದು ಭಾವಿಸುವ ಕಾರಣವೂ ಇಲ್ಲ. ಡಿಪ್ಲೊಮಾದಲ್ಲಿ ಗಣಿತ ಹೆಚ್ಚಾಗಿ ಆರಂಭದ ಸೆಮಿಸ್ಟರ್‌ಗಳಿಗೇ ಮುಗಿಯುತ್ತದೆ, ಆಮೇಲಿನ ವರ್ಷಗಳು ಕಾರ್ಯಾಗಾರ, ಪ್ರಯೋಗಾಲಯ, ಪ್ರಾಜೆಕ್ಟ್‌ಗಳಲ್ಲಿ ಕಳೆಯುತ್ತವೆ. ಇತ್ತ ಪಿಯುಸಿಯಿಂದ ಬಂದ ಸಹಪಾಠಿಗಳು ಪಿಯುಸಿಯ ಎರಡು ವರ್ಷ ಮತ್ತು ಎಂಜಿನಿಯರಿಂಗ್‌ನ ಮೊದಲ ವರ್ಷ ಸೇರಿ ಸತತವಾಗಿ ಮೂರು ವರ್ಷ ಗಣಿತ ಮಾಡಿರುತ್ತಾರೆ. ಬುದ್ಧಿಯಲ್ಲಿ ಯಾರೂ ಕಡಿಮೆಯಲ್ಲ, ಅಭ್ಯಾಸದಲ್ಲಿ ಮಾತ್ರ ಅಂತರವಿದೆ. ಆ ಅಂತರವನ್ನು ತುಂಬಲೆಂದೇ ಈ ಕೋರ್ಸ್.

ಬಿ.ಎಸ್ಸಿ. ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬರುವವರ ಕೊರತೆ ಬೇರೆ ಬಗೆಯದು. ಅವರಿಗೆ ಗಣಿತ ಗೊತ್ತಿರುತ್ತದೆ, ನಕ್ಷೆ ಬರೆಯುವ ಅಭ್ಯಾಸವಿರುವುದಿಲ್ಲ. ಆದ್ದರಿಂದ 2018ರ ಸ್ಕೀಮ್‌ನಲ್ಲಿ ಅವರು ಮೊದಲ ವರ್ಷದ ಎಂಜಿನಿಯರಿಂಗ್ ಗ್ರಾಫಿಕ್ಸ್ ಮತ್ತು ಸಿವಿಲ್ ಎಂಜಿನಿಯರಿಂಗ್‌ನ ಮೂಲ ವಿಷಯವನ್ನು ಪಾಸು ಮಾಡಬೇಕಾಗಿತ್ತು.

ಕನ್ನಡ ಕೋರ್ಸ್‌ನಲ್ಲಿಯೂ ಇಂತಹದೇ ವಿಂಗಡಣೆಯಿದೆ. ಕನ್ನಡ ಓದಲು ಬರೆಯಲು ಬಲ್ಲವರಿಗೆ ಒಂದು, ಉಳಿದವರಿಗೆ ಇನ್ನೊಂದು. 2022ರ ಸ್ಕೀಮ್‌ನಲ್ಲಿ ಅವು ಸಾಂಸ್ಕೃತಿಕ ಕನ್ನಡ ಮತ್ತು ಬಳಕೆ ಕನ್ನಡ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿ ಮಾಧ್ಯಮದ ಅನೇಕ ವಿದ್ಯಾರ್ಥಿಗಳು ಮನೆಯ ಸುತ್ತಮುತ್ತ ಕನ್ನಡವನ್ನು ಸರಾಗವಾಗಿ ಮಾತನಾಡುತ್ತಾರೆ, ಆದರೆ ಲಿಪಿ ಕಲಿತಿರುವುದಿಲ್ಲ. ಅಂತಹವರು ಮಾತು ಬರುತ್ತದೆಂಬ ಒಂದೇ ಕಾರಣಕ್ಕೆ ಸಾಂಸ್ಕೃತಿಕ ಕನ್ನಡಕ್ಕೆ ಹೆಸರು ಕೊಡದೆ, ಓದು ಬರಹದ ಸ್ಥಿತಿಯನ್ನು ಪ್ರಾಮಾಣಿಕವಾಗಿ ತಿಳಿಸಿ ಬಳಕೆ ಕನ್ನಡ ಆಯ್ದುಕೊಳ್ಳುವುದು ಒಳ್ಳೆಯದು. ಇದು ಮೊದಲ ವರ್ಷದಿಂದ ಓದುವವರಿಗೆ ಸಂಬಂಧಿಸಿದ್ದು, ಆಯ್ಕೆ ಆ ವರ್ಷದ ನೋಂದಣಿಯ ಸಮಯದಲ್ಲೇ ಆಗಬೇಕು.

ಇವೆಲ್ಲ ವಿಶ್ವವಿದ್ಯಾಲಯ ವಿಧಿಸಿದ ಕೋರ್ಸ್‌ಗಳು. ಇದಲ್ಲದೆ ಅನೇಕ ಕಾಲೇಜುಗಳಲ್ಲಿ ಮೊದಲ ಆಂತರಿಕ ಪರೀಕ್ಷೆಯ ನಂತರ, ಕಡಿಮೆ ಅಂಕ ಬಂದವರಿಗೆಂದು ಪರಿಹಾರ ಬೋಧನೆ ಏರ್ಪಡಿಸುವ ರೂಢಿಯಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ನಿಧಾನವಾಗಿ ಕಲಿಯುವವರಿಗೆ ಕಾಲೇಜು ಏನು ಮಾಡಿದೆ ಎಂದು ಕೇಳುವುದರಿಂದ ಇದಕ್ಕೆ ದಾಖಲೆಯನ್ನೂ ಇಡುತ್ತಾರೆ. ಸಂಜೆ ನಾಲ್ಕರ ನಂತರ ಅಥವಾ ಶನಿವಾರ ನಡೆಯುವ ಈ ತರಗತಿಗಳು ಅಂಕಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದರೆ ಸಂಕೋಚಪಡದೆ ಹೋಗಿ. ಬರದಿದ್ದರೂ ನಿಮಗೆ ಬೇಕೆನಿಸಿದರೆ ಮೆಂಟರ್ ಅಧ್ಯಾಪಕರನ್ನು ಕೇಳಿ ಹೋಗಿ ಕುಳಿತುಕೊಳ್ಳಿ. ಕೇಳಿ ಬಂದ ವಿದ್ಯಾರ್ಥಿಯನ್ನು ಹೊರಗೆ ಕಳುಹಿಸುವ ಅಧ್ಯಾಪಕರು ಇರಲಾರರು.

ಹಂತ 3: ನೋಂದಣಿಯಲ್ಲಿ ಹೆಸರು ಇದೆಯೇ ನೋಡಿ

ಹೆಚ್ಚುವರಿ ಗಣಿತದ ತರಗತಿಗೆ ಹೋಗುವುದು ಬೇರೆ, ಅದಕ್ಕೆ ನೋಂದಣಿಯಾಗುವುದು ಬೇರೆ. ನೋಂದಣಿ ಮಾಡಿಸದಿದ್ದರೆ ಅಥವಾ ಆಂತರಿಕ ಅಂಕದಲ್ಲಿ ಶೇಕಡಾ 40 ಬರದಿದ್ದರೆ ಎಫ್ ಗ್ರೇಡ್, ಅಂದರೆ ಫೇಲ್, ಬಂದಂತೆಯೇ ಎಂದು 2018ರ ನಿಯಮಾವಳಿ ಹೇಳುತ್ತದೆ. ಡಿಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಅನೇಕ ಬಾರಿ ಮೂರನೆಯ ಸೆಮಿಸ್ಟರ್‌ನ ತರಗತಿಗಳು ಆರಂಭವಾಗಿರುತ್ತವೆ. ತಡವಾಗಿ ಸೇರಿದವರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗುವ ಸಂಭವ ಇರುವುದು ಆಗಲೇ. ಪ್ರವೇಶವಾದ ವಾರದಲ್ಲಿಯೇ ವಿಭಾಗದ ನೋಂದಣಿ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಹೆಚ್ಚುವರಿ ಗಣಿತದ ಕೋಡ್ ಇದೆಯೇ ಎಂದು ಕಣ್ಣಾರೆ ನೋಡಿ, ನೋಂದಣಿ ನಮೂನೆಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಅದೇ ದಿನ ಇನ್ನೊಂದು ಪ್ರಶ್ನೆ ಕೇಳಿ: ನನ್ನ ಹಾಜರಾತಿಯನ್ನು ಸೆಮಿಸ್ಟರ್ ಆರಂಭದ ದಿನದಿಂದ ಎಣಿಸುತ್ತೀರೋ, ನಾನು ಸೇರಿದ ದಿನದಿಂದಲೋ?

ಹಂತ 4: ಹಾಜರಾತಿಯನ್ನು ವಿಷಯವಾರು ಎಣಿಸಿ

ಪ್ರತಿ ವಿಷಯದಲ್ಲಿಯೂ ಶೇಕಡಾ 85 ಹಾಜರಾತಿ ಬೇಕು. ಎಲ್ಲ ವಿಷಯಗಳ ಸರಾಸರಿ 85 ಇದ್ದರೆ ಸಾಲದು. ಅನಾರೋಗ್ಯದಂತಹ ಒಪ್ಪತಕ್ಕ ಕಾರಣವಿದ್ದು, ದಾಖಲೆಯೊಂದಿಗೆ ಅರ್ಜಿ ಸಲ್ಲಿಸಿ, ಪ್ರಾಂಶುಪಾಲರು ಶಿಫಾರಸು ಮಾಡಿದರೆ ಕುಲಪತಿಗಳು ಶೇಕಡಾ 10ರವರೆಗೆ ಮನ್ನಿಸಬಹುದು. ಅಂದರೆ 75ಕ್ಕಿಂತ ಕೆಳಗೆ ಹೋದವರಿಗೆ ದಾರಿಯಿಲ್ಲ. ಒಂದು ವಿಷಯಕ್ಕೆ 40 ತರಗತಿ ನಡೆದಿದ್ದರೆ 34ಕ್ಕೆ ಹಾಜರಿರಬೇಕು, ತಪ್ಪಿಸಬಹುದಾದದ್ದು ಆರು ಮಾತ್ರ. ಮುಧೋಳ, ಇಂಡಿ, ಗೋಕಾಕದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರಿಗೆ ಈ ಆರು ಬಹಳ ಬೇಗ ಮುಗಿಯುತ್ತವೆ. ಮೊದಲ ಪಿರಿಯಡ್ ಯಾವ ವಿಷಯದ್ದೋ ಅದರ ಹಾಜರಾತಿಯೇ ಎಲ್ಲಕ್ಕಿಂತ ಮೊದಲು ಕುಸಿಯುತ್ತದೆ. ಬಸ್ಸಿನ ಸಮಯ ಹೊಂದದಿದ್ದರೆ ಸೆಮಿಸ್ಟರ್ ಆರಂಭದಲ್ಲೇ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ. ಕೊನೆಯ ವಾರದಲ್ಲಿ ತಂದ ವೈದ್ಯಕೀಯ ಪ್ರಮಾಣಪತ್ರಕ್ಕಿಂತ ಮೊದಲ ತಿಂಗಳಲ್ಲಿ ಹೇಳಿದ ಮಾತಿಗೆ ಹೆಚ್ಚು ಬೆಲೆಯಿದೆ.

ಹಂತ 5: ಆಂತರಿಕ ಅಂಕಗಳನ್ನು ಮೊದಲು ಭದ್ರಪಡಿಸಿಕೊಳ್ಳಿ

2021 ಮತ್ತು 2022ರ ಸ್ಕೀಮ್‌ಗಳಲ್ಲಿ ಸಾಮಾನ್ಯ ಥಿಯರಿ ವಿಷಯಕ್ಕೆ ಆಂತರಿಕ ಮೌಲ್ಯಮಾಪನ 50 ಅಂಕ, ಸೆಮಿಸ್ಟರ್ ಕೊನೆಯ ಪರೀಕ್ಷೆ 50 ಅಂಕ. 2018ರಲ್ಲಿ ಇದು 40 ಮತ್ತು 60 ಆಗಿತ್ತು. 50ರ ಲೆಕ್ಕದಲ್ಲಿ ಆಂತರಿಕ ಅಂಕ ಕನಿಷ್ಠ 20 ಬರಬೇಕು. ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಫೇಲಾದವರು ಮತ್ತೆ ಪರೀಕ್ಷೆ ಬರೆದರೆ ಸಾಕು, ಆಂತರಿಕ ಅಂಕ ಹಾಗೆಯೇ ಉಳಿಯುತ್ತದೆ. ಆಂತರಿಕದಲ್ಲಿ ಫೇಲಾದವರು ಮಾತ್ರ ಮತ್ತೆ ನೋಂದಾಯಿಸಿಕೊಂಡು ಅದನ್ನು ಮೊದಲಿನಿಂದ ಗಳಿಸಬೇಕು. ಎರಡರಲ್ಲಿ ಯಾವುದು ದುಬಾರಿ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಥಿಯರಿಯೊಂದಿಗೆ ಪ್ರಯೋಗಾಲಯವೂ ಸೇರಿರುವ ವಿಷಯಗಳಲ್ಲಿ ಇನ್ನೊಂದು ಷರತ್ತಿದೆ. 2022ರ ಸ್ಕೀಮ್‌ನಲ್ಲಿ ಅವುಗಳ ಆಂತರಿಕ 50 ಅಂಕಗಳು ಥಿಯರಿಗೆ 25, ಪ್ರಯೋಗಾಲಯಕ್ಕೆ 25 ಎಂದು ಹಂಚಿಕೆಯಾಗಿದ್ದು, ಎರಡರಲ್ಲಿಯೂ ಪ್ರತ್ಯೇಕವಾಗಿ ಕನಿಷ್ಠ 10 ಬರಬೇಕು. ಡಿಪ್ಲೊಮಾದವರು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಮುಂದಿರುತ್ತಾರೆ. ಅಲ್ಲಿ 24 ಬಂದಿದೆಯೆಂದು ಥಿಯರಿ ಟೆಸ್ಟನ್ನು ಹಗುರವಾಗಿ ತೆಗೆದುಕೊಂಡು 8ಕ್ಕೆ ನಿಂತರೆ, ಒಟ್ಟು 32 ಆದರೂ ಅರ್ಹತೆ ತಪ್ಪುತ್ತದೆ.

ಹಂತ 6: ಪಾಸಾಗಲು ಬೇಕಾದ ಮೂರು ಮಿತಿಗಳನ್ನು ಒಟ್ಟಿಗೆ ಲೆಕ್ಕ ಹಾಕಿ

ಕೊನೆಯ ಪರೀಕ್ಷೆ ಮೂರು ಗಂಟೆಯದು, 100 ಅಂಕಗಳದು. ಐದು ಮಾಡ್ಯೂಲ್‌ಗಳಿಂದ ತಲಾ ಎರಡು ಪೂರ್ಣ ಪ್ರಶ್ನೆಗಳಿದ್ದು, ಪ್ರತಿ ಮಾಡ್ಯೂಲ್‌ನಿಂದ ಒಂದಕ್ಕೆ ಉತ್ತರಿಸಬೇಕು. ಬಂದ ಅಂಕವನ್ನು 50ಕ್ಕೆ ಇಳಿಸಲಾಗುತ್ತದೆ. ಅದರಲ್ಲಿ ಕನಿಷ್ಠ 18, ಮತ್ತು ಆಂತರಿಕ ಅಂಕ ಸೇರಿಸಿ ಒಟ್ಟು 40 ಬರಬೇಕು. ಆಂತರಿಕದಲ್ಲಿ 20, ಪರೀಕ್ಷೆಯಲ್ಲಿ 18 ಬಂದವರು ಎರಡು ಕನಿಷ್ಠ ಮಿತಿಗಳನ್ನೂ ದಾಟಿರುತ್ತಾರೆ, ಆದರೆ ಒಟ್ಟು 38 ಆಗುವುದರಿಂದ ಫಲಿತಾಂಶ ಎಫ್. ಫಲಿತಾಂಶದ ದಿನ ಹೆಚ್ಚು ಕಣ್ಣೀರಿಗೆ ಕಾರಣವಾಗುವ ಲೆಕ್ಕ ಇದೇ.

ಇದರಿಂದ ಒಂದು ಉಪಯುಕ್ತ ಸಂಖ್ಯೆ ಸಿಗುತ್ತದೆ: 22. ಆಂತರಿಕ ಅಂಕ 22 ಅಥವಾ ಹೆಚ್ಚು ಇದ್ದರೆ ಪರೀಕ್ಷೆಯ ಕನಿಷ್ಠ ಮಿತಿ ದಾಟಿದರೆ ಪಾಸು. 22ಕ್ಕಿಂತ ಒಂದು ಅಂಕ ಕಡಿಮೆಯಾದರೂ 100ರ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕ ಹೆಚ್ಚು ಗಳಿಸಬೇಕಾಗುತ್ತದೆ. ಆಂತರಿಕ 21 ಇದ್ದವರು ಪತ್ರಿಕೆಯಲ್ಲಿ 38ಕ್ಕೆ, 20 ಇದ್ದವರು 40ಕ್ಕೆ ಗುರಿಯಿಡಬೇಕು. ಅಸೈನ್‌ಮೆಂಟ್ ಒಂದನ್ನು ಸಮಯಕ್ಕೆ ಸರಿಯಾಗಿ ಕೊಟ್ಟರೆ ಈ ಎರಡು ಅಂಕ ಸಿಗುತ್ತವೆ.

ಹಂತ 7: ಹೆಚ್ಚುವರಿ ಗಣಿತವನ್ನು ಮುಖ್ಯ ಗಣಿತದ ಜೊತೆಗಿಟ್ಟು ಓದಿ

“ಸರ, ಅಡಿಷನಲ್ ಮ್ಯಾಥ್ಸ್ ಲೆಕ್ಕಕ್ಕ ಬರೂದಿಲ್ಲಲ್ರಿ?” ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ನಿಯಮದಿಂದ ಉತ್ತರ ಹೇಳುವುದಕ್ಕಿಂತ ಒಂದು ಲೆಕ್ಕ ಮಾಡಿ ತೋರಿಸುವುದು ಮೇಲು.

ಮೂರನೆಯ ಸೆಮಿಸ್ಟರ್‌ನ ಮುಖ್ಯ ಗಣಿತದಲ್ಲಿ 2018 ಮತ್ತು 2021ರ ಸ್ಕೀಮ್‌ಗಳಲ್ಲಿ ಮೊದಲ ಮಾಡ್ಯೂಲ್ ಲ್ಯಾಪ್ಲಾಸ್ ರೂಪಾಂತರ. ಅದರಲ್ಲಿ ಬರುವ ಸಾಧಾರಣ ಪ್ರಶ್ನೆಯೊಂದನ್ನು ತೆಗೆದುಕೊಳ್ಳಿ. ಅಂಶದಲ್ಲಿ ಒಂದು ಇದೆ, ಛೇದದಲ್ಲಿ ಎಸ್ ವರ್ಗ, ಮೂರು ಎಸ್ ಮತ್ತು ಎರಡು ಇವುಗಳ ಮೊತ್ತವಿದೆ. ಇದರ ವಿಲೋಮ ರೂಪಾಂತರ ಕಂಡುಹಿಡಿಯಬೇಕು. ಮೊದಲು ಛೇದವನ್ನು ‘ಎಸ್ ಕೂಡಿಸು ಒಂದು’ ಮತ್ತು ‘ಎಸ್ ಕೂಡಿಸು ಎರಡು’ ಎಂಬ ಎರಡು ಅಪವರ್ತನಗಳಾಗಿ ಒಡೆಯಬೇಕು. ನಂತರ ಆಂಶಿಕ ಭಿನ್ನರಾಶಿಗಳಾಗಿ ಬಿಡಿಸಿ, ಮೊದಲನೆಯದರ ವ್ಯುತ್ಕ್ರಮದಿಂದ ಎರಡನೆಯದರ ವ್ಯುತ್ಕ್ರಮವನ್ನು ಕಳೆಯಬೇಕು. ಇಷ್ಟಾದರೆ ಸೂತ್ರದ ಪಟ್ಟಿ ನೋಡಿ ‘ಇ ಘಾತ ಋಣ ಟಿ’ಯಿಂದ ‘ಇ ಘಾತ ಋಣ ಎರಡು ಟಿ’ಯನ್ನು ಕಳೆದು ಉತ್ತರ ಬರೆಯಬಹುದು. ಲ್ಯಾಪ್ಲಾಸ್‌ಗೆ ಸೇರಿದ್ದು ಕೊನೆಯ ಒಂದು ಸಾಲು ಮಾತ್ರ. ಉಳಿದ ಎರಡು ಹೆಜ್ಜೆಗಳು ಹಳೆಯ ಬೀಜಗಣಿತ. ಡಿಪ್ಲೊಮಾದಿಂದ ಬಂದವರು ತಡವರಿಸುವುದು ಆ ಎರಡು ಹೆಜ್ಜೆಗಳಲ್ಲಿ. ಆದರೆ ಹೊರಗಿನಿಂದ ನೋಡುವವರಿಗೂ, ಎಷ್ಟೋ ಬಾರಿ ಅವರಿಗೂ, ಲ್ಯಾಪ್ಲಾಸ್ ಅರ್ಥವಾಗಲಿಲ್ಲ ಎಂದೇ ಅನ್ನಿಸುತ್ತದೆ.

ಹೆಚ್ಚುವರಿ ಗಣಿತದ ಮೊದಲ ಭಾಗದಲ್ಲಿರುವುದು ಸಮ್ಮಿಶ್ರ ಸಂಖ್ಯೆಗಳು, ಸದಿಶಗಳು, ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ಸರಳ ಅವಕಲ ಸಮೀಕರಣಗಳಂತಹ ಮೂಲ ಪಾಠಗಳು. ತೊಂದರೆ ಏನೆಂದರೆ, ಮುಖ್ಯ ಗಣಿತಕ್ಕೆ ಇಂಟಿಗ್ರೇಷನ್ ಮೊದಲ ವಾರದಲ್ಲೇ ಬೇಕು, ಹೆಚ್ಚುವರಿ ಗಣಿತದಲ್ಲಿ ಅದು ಬರುವುದು ಸೆಮಿಸ್ಟರ್‌ನ ಉತ್ತರಾರ್ಧದಲ್ಲಿ. ಎರಡೂ ಒಂದೇ ಕಾಲಕ್ಕೆ ನಡೆಯುವುದರಿಂದ ಈ ಹೊಂದಾಣಿಕೆಯ ಕೊರತೆ ತಪ್ಪಿದ್ದಲ್ಲ. ಸೆಮಿಸ್ಟರ್‌ಗೆ ಮೊದಲೇ ಎರಡು ಮೂರು ವಾರಗಳ ಬ್ರಿಜ್ ಕೋರ್ಸ್ ನಡೆಸಿದರೆ ಎಷ್ಟೋ ಅನುಕೂಲವಾದೀತು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರವೇಶ ತಡವಾಗುತ್ತಲೇ ಇರುವವರೆಗೆ ಅದು ಕಷ್ಟ. ಹಾಗಾಗಿ ವಿದ್ಯಾರ್ಥಿಗಳೇ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಸೀಟು ಸಿಕ್ಕ ದಿನದಿಂದ ತರಗತಿ ಆರಂಭವಾಗುವವರೆಗೆ ನಾಲ್ಕು ವಿಷಯ ಮಾತ್ರ ಮಾಡಿ: ಅಪವರ್ತನ, ಆಂಶಿಕ ಭಿನ್ನರಾಶಿ, ಭಾಗಶಃ ಅನುಕಲನ ಅಂದರೆ ಇಂಟಿಗ್ರೇಷನ್ ಬೈ ಪಾರ್ಟ್ಸ್, ಮತ್ತು ತ್ರಿಕೋನಮಿತಿಯ ಗುಣಲಬ್ಧವನ್ನು ಮೊತ್ತಕ್ಕೆ ತರುವ ಸೂತ್ರಗಳು. ಕೊನೆಯ ಎರಡು ಫೋರಿಯರ್ ಸರಣಿಗೆ ನೇರವಾಗಿ ಬೇಕಾಗುತ್ತವೆ. ಇದಕ್ಕೆ ದೊಡ್ಡ ಪುಸ್ತಕಗಳು ಬೇಡ. ಪಿಯುಸಿ ವಿಜ್ಞಾನದ ಎರಡೂ ವರ್ಷಗಳ ಗಣಿತ ಪಠ್ಯಪುಸ್ತಕಗಳು ಸಾಕು. ಮನೆಯಲ್ಲಿ ತಮ್ಮನೋ ತಂಗಿಯೋ ಪಿಯುಸಿ ವಿಜ್ಞಾನ ಓದುತ್ತಿದ್ದರೆ ಅವರದೇ ಪುಸ್ತಕ ತೆಗೆದುಕೊಂಡು, ಉದಾಹರಣೆಗಳನ್ನು ಮುಚ್ಚಿಟ್ಟು ತಾವೇ ಬಿಡಿಸಿ ನೋಡಿ.

ಹೆಚ್ಚುವರಿ ಗಣಿತಕ್ಕೆ ಮೌಲ್ಯಮಾಪನ ಹೇಗೆ ಎಂಬುದನ್ನು ನಿಮ್ಮ ಸ್ಕೀಮ್‌ನ ಪಟ್ಟಿಯಲ್ಲಿ ನೋಡಿ. 2018ರಲ್ಲಿ ಆಂತರಿಕ 40, ವಿಶ್ವವಿದ್ಯಾಲಯದ ಪರೀಕ್ಷೆ 60 ಎಂದಿತ್ತು. ಕ್ರೆಡಿಟ್ ಇಲ್ಲದ ಕೋರ್ಸ್‌ಗೂ ಪರೀಕ್ಷೆಯ ಅರ್ಜಿ ತುಂಬಬೇಕು, ಬ್ಯಾಕ್‌ಲಾಗ್ ಆಗಿ, ಅಂದರೆ ಪಾಸಾಗದೆ, ಉಳಿದಿದ್ದರೆ ಮುಂದಿನ ಸೆಮಿಸ್ಟರ್‌ನ ಅರ್ಜಿಯಲ್ಲಿ ಅದನ್ನು ಮರೆಯದೆ ಸೇರಿಸಬೇಕು.

ಹಂತ 8: ಮೇಲಿನ ವರ್ಷಕ್ಕೆ ಹೋಗುವ ಅರ್ಹತೆಯನ್ನು ಎಣಿಸಿ

ಬೆಸ ಸೆಮಿಸ್ಟರ್‌ನಿಂದ ಸಮ ಸೆಮಿಸ್ಟರ್‌ಗೆ, ಅಂದರೆ ಮೂರರಿಂದ ನಾಲ್ಕಕ್ಕೆ, ಐದರಿಂದ ಆರಕ್ಕೆ ಹೋಗಲು ಬ್ಯಾಕ್‌ಲಾಗ್‌ನ ತಡೆಯಿಲ್ಲ. ಹಾಜರಾತಿ ಸರಿಯಿದ್ದರಾಯಿತು. ತಡೆ ಇರುವುದು ವರ್ಷ ಬದಲಾಗುವಲ್ಲಿ. 2018ರ ನಿಯಮದಂತೆ ಲ್ಯಾಟರಲ್ ಎಂಟ್ರಿಯವರು ಮೂರು ಮತ್ತು ನಾಲ್ಕನೆಯ ಸೆಮಿಸ್ಟರ್ ಸೇರಿ ನಾಲ್ಕಕ್ಕಿಂತ ಹೆಚ್ಚು ಎಫ್ ಇಲ್ಲದಿದ್ದರೆ ಐದನೆಯ ಸೆಮಿಸ್ಟರ್‌ಗೆ ಅರ್ಹರು. ಹೆಚ್ಚುವರಿ ಗಣಿತದ ಎಫ್ ಈ ಎಣಿಕೆಗೆ ಬರುವುದಿಲ್ಲ. ಮೂರನೆಯ ಸೆಮಿಸ್ಟರ್‌ನಲ್ಲಿ ಎರಡು ವಿಷಯ, ನಾಲ್ಕನೆಯದರಲ್ಲಿ ಎರಡು ವಿಷಯ, ಜೊತೆಗೆ ಹೆಚ್ಚುವರಿ ಗಣಿತದ ಎರಡೂ ಭಾಗ ಉಳಿದಿವೆ ಎಂದುಕೊಳ್ಳಿ. ಅಂಕಪಟ್ಟಿಯಲ್ಲಿ ಆರು ಕಾಣಿಸಿದರೂ ಲೆಕ್ಕಕ್ಕೆ ನಾಲ್ಕೇ, ಆ ವಿದ್ಯಾರ್ಥಿ ಮುಂದೆ ಹೋಗುತ್ತಾನೆ. ಆದರೆ ಐದನೆಯ ಸೆಮಿಸ್ಟರ್‌ನ ಹೊಸ ವಿಷಯಗಳ ಜೊತೆಗೆ ಆರು ಹಳೆಯ ಪರೀಕ್ಷೆಗಳು ಅವನ ಬೆನ್ನ ಮೇಲಿರುತ್ತವೆ. ಮಿತಿ ದಾಟಿಲ್ಲವೆಂಬ ಸಮಾಧಾನ ಎಷ್ಟು ತೆಳುವಾದದ್ದು ಎಂಬುದು ಆಗ ತಿಳಿಯುತ್ತದೆ. ನಿಮ್ಮದು ಬೇರೆ ಸ್ಕೀಮ್ ಆಗಿದ್ದರೆ ಮಿತಿಯ ಸಂಖ್ಯೆಯನ್ನು ಆ ಸ್ಕೀಮ್‌ನ ನಿಯಮಾವಳಿಯಿಂದಲೇ ತೆಗೆದುಕೊಂಡು ಇದೇ ರೀತಿ ಎಣಿಸಿ.

ಫಲಿತಾಂಶ ಅಥವಾ ಮರುಮೌಲ್ಯಮಾಪನದ ಫಲಿತಾಂಶ ಬರುವ ಮೊದಲೇ ಮುಂದಿನ ಸೆಮಿಸ್ಟರ್ ಆರಂಭವಾಗಬಹುದು. ಏನಾಗುತ್ತದೋ ನೋಡೋಣವೆಂದು ಊರಲ್ಲಿ ಉಳಿಯಬೇಡಿ, ಕಾಲೇಜು ಅನುಮತಿಸಿದರೆ ತರಗತಿಗೆ ಹೋಗಿ. ಮಿತಿಗಿಂತ ಒಂದೇ ಎಫ್ ಹೆಚ್ಚಿದ್ದು ಅದು ಅಲ್ಪ ಅಂಕದಲ್ಲಿ ಬಂದಿದ್ದರೆ, ಮರುಮೌಲ್ಯಮಾಪನದ ಅರ್ಜಿಗೆ ಕೊಟ್ಟ ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ಇಯರ್ ಬ್ಯಾಕ್ ಆದರೆ, ಅಂದರೆ ಮೇಲಿನ ವರ್ಷಕ್ಕೆ ಹೋಗದೆ ಉಳಿದರೆ, ನಷ್ಟ ಒಂದು ವರ್ಷಕ್ಕೆ ಮುಗಿಯದಿರಬಹುದು. ಮರಳಿ ಸೇರುವ ಹೊತ್ತಿಗೆ ಸ್ಕೀಮ್ ಬದಲಾಗಿದ್ದರೆ ಹೊಸ ಸ್ಕೀಮ್‌ಗೆ ಹೊಂದಿಕೊಳ್ಳಲು ಇನ್ನಷ್ಟು ವಿಷಯಗಳನ್ನು ಓದಬೇಕಾಗುತ್ತದೆ. ವಿದ್ಯಾರ್ಥಿವೇತನದ ನವೀಕರಣಕ್ಕೂ ತೊಡಕಾಗುತ್ತದೆ. ಲ್ಯಾಟರಲ್ ಎಂಟ್ರಿಯವರಿಗೆ ಪದವಿ ಮುಗಿಸಲು ಇರುವ ಗರಿಷ್ಠ ಅವಧಿ ಆರು ವರ್ಷ. ಮನೆಯವರಿಗೆ ಈ ವಿಷಯ ಮುಚ್ಚಿಡದೆ, ಮೆಂಟರ್ ಅಧ್ಯಾಪಕರೊಂದಿಗೆ ತಂದೆ ತಾಯಿಯನ್ನು ಒಮ್ಮೆ ಕೂಡಿಸಿ ಮಾತನಾಡುವುದು ಒಳ್ಳೆಯದು. ಆ ವರ್ಷದಲ್ಲಿ ಯಾವ ವಿಷಯ ಯಾವ ಪರೀಕ್ಷೆಯಲ್ಲಿ ಮುಗಿಸಬೇಕೆಂದು ಕಾಗದದ ಮೇಲೆ ಬರೆದುಕೊಂಡವರು ಮರಳಿ ನಿಲ್ಲುತ್ತಾರೆ.

ಹಂತ 9: ಏಳನೆಯ ಸೆಮಿಸ್ಟರ್‌ಗೆ ಮೊದಲು ಪದವಿಯ ಪಟ್ಟಿ ಪರಿಶೀಲಿಸಿ

2022ರ ಸ್ಕೀಮ್‌ನಲ್ಲಿ ಪದವಿಗೆ 160 ಕ್ರೆಡಿಟ್. ಮೊದಲ ವರ್ಷದ 40 ಬಿಟ್ಟು ಲ್ಯಾಟರಲ್ ಎಂಟ್ರಿಯವರು ಗಳಿಸಬೇಕಾದದ್ದು 120. ಕ್ರೆಡಿಟ್ ಎಣಿಸಿದ ಮಾತ್ರಕ್ಕೆ ಪಟ್ಟಿ ಮುಗಿಯುವುದಿಲ್ಲ. ಹೆಚ್ಚುವರಿ ಗಣಿತದ ಎರಡು ಭಾಗಗಳು, ಸ್ಕೀಮ್ ಕಡ್ಡಾಯಗೊಳಿಸಿದ ಇತರ ಕ್ರೆಡಿಟ್ ರಹಿತ ಕೋರ್ಸ್‌ಗಳು, ಮತ್ತು ಪಾಠದ ಹೊರಗಿನ ಚಟುವಟಿಕೆಗಳಿಗೆ ಸಿಗುವ ಎಐಸಿಟಿಇ ಚಟುವಟಿಕೆ ಅಂಕಗಳು ಬೇರೆಯಾಗಿ ಇರುತ್ತವೆ. ಮೊದಲ ವರ್ಷದಿಂದ ಬಂದವರಿಗೆ ಚಟುವಟಿಕೆ ಅಂಕ 100, ಲ್ಯಾಟರಲ್ ಎಂಟ್ರಿಯವರಿಗೆ 75. ಇವೂ ಎಸ್‌ಜಿಪಿಎಗೆ ಸೇರದೆ, ವರ್ಷ ಬದಲಾಗುವಾಗ ತಡೆಯದೆ, ಪದವಿಯ ಹೊತ್ತಿಗೆ ಮಾತ್ರ ತಡೆಯುತ್ತವೆ.

ಆರನೆಯ ಸೆಮಿಸ್ಟರ್‌ನ ಫಲಿತಾಂಶ ಬಂದ ಕೂಡಲೇ ಎಲ್ಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ, ನನ್ನ ಯುಎಸ್‌ಎನ್‌ಗೆ ಇನ್ನೂ ಏನೇನು ಬಾಕಿಯಿದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪಾಸಾದ ವಿಷಯ ತಪ್ಪಾಗಿ ಬಾಕಿ ಎಂದು ತೋರಿಸಿದ್ದರೆ ಸರಿಪಡಿಸುವ ಅರ್ಜಿಯನ್ನು ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹೆಚ್ಚುವರಿ ಗಣಿತ ಉಳಿದಿದ್ದರೆ ಅದನ್ನು ಏಳನೆಯ ಸೆಮಿಸ್ಟರ್‌ನ ಪರೀಕ್ಷೆಯಲ್ಲೇ ಬರೆಯಲು ಅರ್ಜಿ ಹಾಕಿ. ಎಂಟನೆಯ ಸೆಮಿಸ್ಟರ್‌ಗೆ ದೂಡಬೇಡಿ. ಆಗ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗಾಗಿ ನೀವು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತೀರಿ, ಮೂರು ಗಂಟೆಯ ಒಂದು ಪರೀಕ್ಷೆಗಾಗಿ ರಜೆ ಹಾಕಿ ಬರಬೇಕಾಗುತ್ತದೆ.